ನಿಮ್ಮ ಹೆಸರಿನವರು ಇನ್ನೊಬ್ಬರಿದ್ದಾರೆ, ಸರಿ. ಈಗೇನು?

ಓದುಗರ ಪ್ರಶ್ನೆ: ನಾನು ಕಥೆ ಬರೆಯುತ್ತೇನೆ. ಮೊದಲ ಸಂಕಲನ ಅಚ್ಚಿಗೆ ಹೋಗುವುದರಲ್ಲಿದೆ. ಆದರೆ ಅಕ್ಷರಕ್ಕೆ ಅಕ್ಷರ ನನ್ನದೇ ಹೆಸರಿನ ಒಬ್ಬ ಹೆಸರಾಂತ ಲೇಖಕರು ಈಗಾಗಲೇ ಇದ್ದಾರೆ. ಸ್ನೇಹಿತರು ಹೆಸರು ಬದಲಿಸಿಕೋ ಅನ್ನುತ್ತಾರೆ. ಮನೆಯವರು ಬೇಡ ಅನ್ನುತ್ತಾರೆ. ಒಂದೇ ಹೆಸರಿದ್ದರೆ ಬದುಕೂ ಹಾಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಹಿಂದೆ ಇಂಥ ಪೇಚಿಗೆ ಸಿಕ್ಕವರು ಏನು ಮಾಡಿದರು? ನಾನೇನು ಮಾಡಲಿ?

ಉತ್ತರ:

ಮನೆಯವರ ಮಾತು ಮೊದಲು ನೋಡೋಣ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಒಂದೇ ಹೆಸರಿನವರನ್ನು ಬೇರೆ ಬೇರೆ ಮಾಡುವುದೇ ನನ್ನ ಕಸುಬು. ಇಷ್ಟು ವರ್ಷದಲ್ಲಿ, ಹೆಸರು ಕೂಡಿದ್ದಕ್ಕೆ ಬದುಕೂ ಕೂಡಿದ ಒಬ್ಬರನ್ನೂ ನಾನು ಕಂಡಿಲ್ಲ. ಉಲ್ಟಾ ಉದಾಹರಣೆ ಬೇಕಿದ್ದರೆ ಎಷ್ಟಾದರೂ ಕೊಡಬಲ್ಲೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಾನ್ ಆಡಮ್ಸ್‌ಗಳದು.

1789ರ ಏಪ್ರಿಲ್ 21ರಂದು ಒಬ್ಬ ಜಾನ್ ಆಡಮ್ಸ್ ಅಮೆರಿಕದ ಮೊದಲ ಉಪಾಧ್ಯಕ್ಷನಾಗಿ ಕುರ್ಚಿ ಹಿಡಿದ. ಮುಂದೆ ಆ ದೇಶದ ಎರಡನೇ ಅಧ್ಯಕ್ಷನೂ ಆದ. ಸರಿಯಾಗಿ ಒಂದು ವಾರ ಕಳೆದು, ಏಪ್ರಿಲ್ 28ರಂದು, ಪೆಸಿಫಿಕ್ ಸಾಗರದ ನಡುವೆ ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿ ದಂಗೆ ಎದ್ದಿತು. ದಂಗೆಕೋರರು ಕ್ಯಾಪ್ಟನ್ ವಿಲಿಯಂ ಬ್ಲೈಯನ್ನೂ ಅವನ ಕಡೆಯ 18 ಮಂದಿಯನ್ನೂ ಒಂದು ಸಣ್ಣ ದೋಣಿಗೆ ಇಳಿಸಿ ಸಮುದ್ರಕ್ಕೆ ಬಿಟ್ಟರು. ಆ ದಂಗೆಕೋರರಲ್ಲೂ ಒಬ್ಬ ಜಾನ್ ಆಡಮ್ಸ್ ಇದ್ದ. ಹಡಗಿನ ದಾಖಲೆಯಲ್ಲಿ ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅಲೆಕ್ಸಾಂಡರ್ ಸ್ಮಿತ್ ಎಂಬ ಸುಳ್ಳು ಹೆಸರು ಬರೆಸಿ ಹಡಗು ಹತ್ತಿದ್ದ ಆಸಾಮಿ ಅವನು.

1790ರಲ್ಲಿ ಅವನೂ ಇನ್ನು ಎಂಟು ಜನ ದಂಗೆಕೋರರೂ ಟಹೀಟಿಯ ಕೆಲವು ಗಂಡಸರು, ಹೆಂಗಸರೊಂದಿಗೆ ಪಿಟ್‌ಕೇರ್ನ್ ಎಂಬ ನಿರ್ಜನ ದ್ವೀಪ ಸೇರಿದರು. ಯಾರಿಗೂ ಸುಳಿವು ಸಿಗದಿರಲಿ ಅಂತ ಹಡಗಿಗೆ ಬೆಂಕಿ ಇಟ್ಟರು. ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಕೊಲೆಗಳಾದವು. ಕೆಲವರು ಕುಡಿತದಿಂದ, ಕೆಲವರು ಕಾಯಿಲೆಯಿಂದ ಸತ್ತರು. 1808ರಲ್ಲಿ ಒಂದು ಅಮೆರಿಕನ್ ಹಡಗು ಆಕಸ್ಮಿಕವಾಗಿ ಅಲ್ಲಿಗೆ ಬಂದಾಗ, ದ್ವೀಪಕ್ಕೆ ಬಂದಿಳಿದಿದ್ದ ಗಂಡಸರಲ್ಲಿ ಉಳಿದಿದ್ದವನು ಇವನೊಬ್ಬನೇ. ಸುತ್ತ ಹೆಂಗಸರು, ಮಕ್ಕಳು. ಬೌಂಟಿಯಿಂದ ತಂದಿದ್ದ ಬೈಬಲ್ ಹಿಡಿದು ಮಕ್ಕಳಿಗೆ ಪಾಠ ಹೇಳುತ್ತಿದ್ದ. 1814ರಲ್ಲಿ ಬಂದ ಬ್ರಿಟಿಷ್ ನೌಕಾಪಡೆಯವರು ಕೂಡ ಅವನನ್ನು ಹಿಡಿದೊಯ್ಯದೆ ಹಾಗೇ ಬಿಟ್ಟು ಹೋದರು. ಅವನು ಸತ್ತದ್ದು 1829ರಲ್ಲಿ. ಇವತ್ತಿಗೂ ಆ ದ್ವೀಪದ ರಾಜಧಾನಿಯ ಹೆಸರು ಆಡಮ್ಸ್‌ಟೌನ್. ಅಧ್ಯಕ್ಷ ಆಡಮ್ಸ್ ತೀರಿಕೊಂಡದ್ದು 1826ರ ಜುಲೈ 4ರಂದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅವತ್ತಿಗೆ ಸರಿಯಾಗಿ 50 ವರ್ಷ.

ಒಬ್ಬ ಸರ್ಕಾರ ಕಟ್ಟಿದ. ಇನ್ನೊಬ್ಬ ಸರ್ಕಾರದ ಕಣ್ಣು ತಪ್ಪಿಸಿಕೊಂಡು ಬದುಕಿದ. ಹೆಸರು ಬದುಕನ್ನು ರೂಪಿಸುತ್ತದೆ ಅನ್ನುವವರಿಗೆ ನಾನು ಇವರಿಬ್ಬರನ್ನು ತೋರಿಸಿ ಸುಮ್ಮನಾಗುತ್ತೇನೆ.

“ಸಂಶೋಧನೆಗಳೂ ಹಾಗೇ ಹೇಳುತ್ತವಲ್ಲ” ಎಂದು ಯಾರಾದರೂ ವಾದಿಸಬಹುದು. ಅಮೆರಿಕದಲ್ಲಿ ಡೆನಿಸ್ ಎಂಬ ಹೆಸರಿನವರು ಡೆಂಟಿಸ್ಟ್ ಆಗುವುದು ಜಾಸ್ತಿ ಎಂಬ ಅಧ್ಯಯನ 2002ರಲ್ಲಿ ಬಂದು ಸದ್ದು ಮಾಡಿದ್ದು ನಿಜ. 2011ರಲ್ಲಿ ಇನ್ನೊಬ್ಬ ಸಂಶೋಧಕರು ಅದೇ ಅಂಕಿಗಳನ್ನು ಕೆದಕಿದರು. ಹೆಸರುಗಳಿಗೂ ಒಂದು ಕಾಲದ ಫ್ಯಾಷನ್ ಇರುತ್ತದೆ. ಯಾವ ತಲೆಮಾರಿನಲ್ಲಿ ಡೆನಿಸ್‌ಗಳು ಜಾಸ್ತಿಯೋ ಆ ತಲೆಮಾರಿನ ವೃತ್ತಿಗಳಲ್ಲೂ ಅವರು ಜಾಸ್ತಿ ಕಾಣುತ್ತಾರೆ, ಅಷ್ಟೇ. ಹಲ್ಲಿಗೂ ಹೆಸರಿಗೂ ನಂಟಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಹೆಸರು ಕೂಡಿದ ಮಾತ್ರಕ್ಕೆ ಜಗಳ ಬರುವುದಿಲ್ಲ. ಕಾಲ, ಕಸುಬು, ಓದುವ ಜನ, ಈ ಮೂರೂ ಕೂಡಿದರೆ ಮಾತ್ರ ಕಷ್ಟ. 1561ರಲ್ಲಿ ಹುಟ್ಟಿದ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್‌ಗೂ 1909ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ಗೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಬಾಸ್ಕೆಟ್‌ಬಾಲ್ ಆಡಿದ ಮೈಕೇಲ್ ಜೋರ್ಡನ್ ಇದ್ದಂತೆ ಮಷಿನ್ ಲರ್ನಿಂಗ್‌ನಲ್ಲಿ ದೊಡ್ಡ ಹೆಸರಾದ ಮೈಕೇಲ್ ಜೋರ್ಡನ್ ಕೂಡ ಇದ್ದಾರೆ. ಪ್ರಬಂಧಗಳಲ್ಲಿ ನಡುವೆ ಒಂದು “ಐ” ಸೇರಿಸಿಕೊಳ್ಳುತ್ತಾರೆ. ಅವರ ವಿದ್ಯಾರ್ಥಿಗಳಿಗೆ ತಮಾಷೆ ಮಾಡಲು ಒಂದು ವಿಷಯ ಸಿಕ್ಕಿತು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ನಮಗೆ ಹತ್ತಿರದ್ದು ಹೇಳುವುದಾದರೆ ರಾಜ್‌ಕುಮಾರ್. 1950ರ ದಶಕದಲ್ಲಿ ಆ ಹೆಸರಿನ ಇಬ್ಬರು ನಟರು ಹೆಚ್ಚೂಕಡಿಮೆ ಒಟ್ಟೊಟ್ಟಿಗೆ ಮೇಲೆ ಬಂದರು. ಇಬ್ಬರೂ ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಕನ್ನಡದವರು ಮುತ್ತುರಾಜ್. ಹಿಂದಿಯವರು ಕುಲಭೂಷಣ್ ಪಂಡಿತ್, ಸಿನಿಮಾಕ್ಕೆ ಬರುವ ಮೊದಲು ಮುಂಬಯಿಯಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದರು. ಭಾಷೆ ಬೇರೆ, ನೋಡುವ ಜನ ಬೇರೆ. ಹಾಗಾಗಿ ಯಾರೂ ಯಾರಿಗೂ ದಾರಿ ಬಿಡಬೇಕಾಗಲಿಲ್ಲ. ಅಣ್ಣಾವ್ರು ಅಂದರೆ ಯಾರು ಅಂತ ಕೇಳುವವರಿಲ್ಲ ಅಲ್ವಾ? ಹಿಂದಿಯವರು ಇಂಗ್ಲಿಷಿನಲ್ಲಿ ಬರೆಯುವಾಗ ರಾಜ್‌ಗೆ ಒಂದು “ಎ” ಜಾಸ್ತಿ ಹಾಕಿಕೊಳ್ಳುತ್ತಿದ್ದರು. ಆ ಉಪಾಯ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಕನ್ನಡ ಲಿಪಿಗೆ ಬಂದರೆ ಆ ಅಕ್ಷರ ಮಾಯ.

ಮೂರೂ ಕೂಡಿದ ಪ್ರಕರಣ ಅಂದರೆ ವಿನ್‌ಸ್ಟನ್ ಚರ್ಚಿಲ್‌ಗಳದು. ನಿಮ್ಮ ಸ್ಥಿತಿಗೆ ತುಂಬಾ ಹತ್ತಿರದ್ದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1899ರಲ್ಲಿ ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್‌ಗೆ 24 ವರ್ಷ. ಸೈನ್ಯದಲ್ಲಿದ್ದು ಬಂದವನು, ಯುದ್ಧದ ವರದಿ ಬರೆದವನು. ಒಂದು ಕಾದಂಬರಿಯನ್ನೂ ಬರೆದಿದ್ದ, ಅದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಆಗ ಅವನಿಗೆ ಕಾದಂಬರಿಯ ಬಗ್ಗೆ ಅಭಿನಂದನೆಗಳು ಬರತೊಡಗಿದವು. ತನ್ನದೇ ಕೃತಿಯನ್ನು ಮೆಚ್ಚಿದ್ದಾರೆ ಎಂದುಕೊಂಡು ಖುಷಿಪಟ್ಟ. ಆಮೇಲೆ ಗೊತ್ತಾಯಿತು, ಜನ ಮೆಚ್ಚಿದ್ದು ಅಮೆರಿಕದ ಇನ್ನೊಬ್ಬ ವಿನ್‌ಸ್ಟನ್ ಚರ್ಚಿಲ್ ಬರೆದ “ರಿಚರ್ಡ್ ಕಾರ್ವೆಲ್” ಕಾದಂಬರಿಯನ್ನು. ಅಮೆರಿಕದ ಚರ್ಚಿಲ್ 1871ರಲ್ಲಿ ಹುಟ್ಟಿದವನು, ಅಂದರೆ ಮೂರು ವರ್ಷ ದೊಡ್ಡವನು. ಆ ಕಾದಂಬರಿ ಅಮೆರಿಕದಲ್ಲಿ ಭರ್ಜರಿ ಮಾರಾಟವಾಗಿತ್ತು. ಇವತ್ತು ನಮಗೆ ವಿಚಿತ್ರ ಅನಿಸಬಹುದು, ಆದರೆ ಅವತ್ತು ಪುಸ್ತಕ ಲೋಕದಲ್ಲಿ “ಆ ಚರ್ಚಿಲ್” ಅಂದರೆ ಅಮೆರಿಕದವನೇ.

ಬ್ರಿಟಿಷ್ ಚರ್ಚಿಲ್ ಆ ಜೂನ್‌ನಲ್ಲಿ ಒಂದು ಕಾಗದ ಬರೆದ. ಶ್ರೀ ವಿನ್‌ಸ್ಟನ್ ಚರ್ಚಿಲ್ ಅವರು ಶ್ರೀ ವಿನ್‌ಸ್ಟನ್ ಚರ್ಚಿಲ್ ಅವರಿಗೆ ವಂದನೆ ತಿಳಿಸುತ್ತಾ, ಇಬ್ಬರಿಗೂ ಸಂಬಂಧಪಟ್ಟ ಒಂದು ವಿಷಯವನ್ನು ಗಮನಕ್ಕೆ ತರುತ್ತಾರೆ ಎಂಬ ಧಾಟಿಯಲ್ಲಿ ಅದು ಶುರುವಾಗುತ್ತದೆ. ಇನ್ನು ಮುಂದೆ ತನ್ನ ಬರಹಗಳಿಗೆಲ್ಲ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಹಾಕುತ್ತೇನೆ ಎಂದು ತಾನೇ ಒಪ್ಪಿಕೊಂಡ. ಅಮೆರಿಕದವನು ಅಷ್ಟೇ ಮರ್ಯಾದೆಯಿಂದ ಉತ್ತರಿಸಿದ. ತನಗೂ ನಡುವೆ ಇನ್ನೊಂದು ಹೆಸರಿದ್ದಿದ್ದರೆ ತಾನೇ ಖಂಡಿತ ಸೇರಿಸಿಕೊಳ್ಳುತ್ತಿದ್ದೆ, ಇಲ್ಲವಲ್ಲ ಎಂದ. ಮರುವರ್ಷ ಬಾಸ್ಟನ್‌ನಲ್ಲಿ ಇಬ್ಬರೂ ಭೇಟಿಯೂ ಆದರು.

ಮುಂದಿನ ಕಥೆ ನನಗೆ ಪ್ರತಿಸಲವೂ ಮಜಾ ಕೊಡುತ್ತದೆ. ಅಮೆರಿಕದ ಕಾದಂಬರಿಕಾರ ರಾಜಕೀಯಕ್ಕೆ ಇಳಿದ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಸನಸಭೆಗೆ ಎರಡು ಸಲ ಗೆದ್ದ. ರಾಜ್ಯಪಾಲನಾಗಲು 1906ರಲ್ಲೂ 1912ರಲ್ಲೂ ಪ್ರಯತ್ನಿಸಿ ಸೋತ. (ಅಲ್ಲಿ ಆ ಹುದ್ದೆಗೆ ಚುನಾವಣೆ ನಡೆಯುತ್ತದೆ.) ಹೊತ್ತು ಕಳೆದಂತೆ ಬರೆಯುವುದನ್ನೇ ಬಿಟ್ಟು, ಸದ್ದಿಲ್ಲದೆ ಬದುಕಿ, 1947ರಲ್ಲಿ ತೀರಿಕೊಂಡ. ಬ್ರಿಟಿಷ್ ರಾಜಕಾರಣಿ ಎರಡು ಸಲ ಪ್ರಧಾನಿಯಾದ. 1953ರಲ್ಲಿ ಅವನಿಗೆ ನೊಬೆಲ್ ಕೂಡ ಬಂತು. ಯಾವುದಕ್ಕೆ? ಸಾಹಿತ್ಯಕ್ಕೆ.

ಇಲ್ಲಿ ಹೋಲಿಕೆ ಹುಡುಕುವವರಿಗೆ ಹಬ್ಬ. ಇಬ್ಬರೂ ಚಿತ್ರ ಬಿಡಿಸುತ್ತಿದ್ದರು. ಅಮೆರಿಕದವನು ನೌಕಾಪಡೆಯ ಅಕಾಡೆಮಿಯಲ್ಲಿ ಓದಿದ್ದ. ಬ್ರಿಟನ್ನಿನವನು ನೌಕಾಪಡೆಯ ಮಂತ್ರಿಯಾಗಿದ್ದ. ಇಬ್ಬರೂ ಕಾದಂಬರಿ ಬರೆದರು, ಇಬ್ಬರೂ ಚುನಾವಣೆಗೆ ನಿಂತರು. ಆದರೆ ಯಾವ ಇಬ್ಬರ ಬದುಕನ್ನು ಪಕ್ಕಪಕ್ಕ ಇಟ್ಟರೂ ಹೀಗೆ ನಾಲ್ಕು ಎಳೆ ಸಿಗುತ್ತವೆ. ಹೆಸರು ಒಂದೇ ಆದಾಗ ಮಾತ್ರ ನಾವು ಹುಡುಕಲು ಕೂರುತ್ತೇವೆ.

ಈ ಪ್ರಕರಣದಲ್ಲಿ ನಿಮಗೆ ಉಪಯೋಗವಾಗುವುದು ಒಂದೇ ಅಂಶ. ದಾರಿ ಬಿಟ್ಟವನು ಬ್ರಿಟಿಷ್ ಚರ್ಚಿಲ್. ಬಿಟ್ಟದ್ದು ಒಂದು ನಡುಹೆಸರಿನಷ್ಟು ಜಾಗ, ಅಷ್ಟೇ. ಅದೂ ಶುರುವಿನಲ್ಲೇ, ಎರಡು ಮೂರು ಪುಸ್ತಕ ಬರುವಷ್ಟರಲ್ಲಿ. ಮುಂದೆ ಅವನ ಪುಸ್ತಕಗಳ ಮೇಲೆ ನಡುವೆ ಆ “ಎಸ್” ಕೂತೇ ಇತ್ತು. ಅದಕ್ಕೆ ಕಾರಣ ಯಾರೆಂದು ಈಗ ಹೆಚ್ಚಿನವರಿಗೆ ಗೊತ್ತಿಲ್ಲ.

ದಾರಿ ಬಿಡದೆ ಇದ್ದವರೂ ಇದ್ದಾರೆ. ಇಂಗ್ಲಿಷ್ ಕಾದಂಬರಿಕಾರ್ತಿ ಎಲಿಜಬೆತ್ ಟೇಲರ್ ಹುಟ್ಟಿದ್ದು 1912ರಲ್ಲಿ. ತವರಿನ ಹೆಸರು ಕೋಲ್ಸ್. 1936ರಲ್ಲಿ ಮದುವೆಯಾದಾಗ ಟೇಲರ್ ಆದರು. ಮೊದಲ ಕಾದಂಬರಿ ಬಂದದ್ದು 1945ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಹಾಲಿವುಡ್‌ನಲ್ಲಿ 12 ವರ್ಷದ ಹುಡುಗಿಯೊಬ್ಬಳು ಕುದುರೆಯ ಕಥೆಯ ಸಿನಿಮಾದಲ್ಲಿ ನಟಿಸಿ ಹೆಸರು ಮಾಡಿದ್ದಳು. ಅವಳ ಹೆಸರೂ ಎಲಿಜಬೆತ್ ಟೇಲರ್. ಆ ಹುಡುಗಿ ಮುಂದೆ ಎಷ್ಟು ದೊಡ್ಡ ತಾರೆಯಾಗುತ್ತಾಳೆ ಅಂತ ಅವತ್ತು ಯಾರು ಊಹಿಸಬೇಕು? ಮುಂದೆ ಈ ಲೇಖಕಿಯ ಮನೆಗೆ ನಟಿಯ ಅಭಿಮಾನಿಗಳ ಕಾಗದಗಳು ಬರತೊಡಗಿದವು. ಬಿಕಿನಿ ತೊಟ್ಟ ಫೋಟೋ ಕಳಿಸಿ ಎಂದು ಗಂಡಸರು ಕೇಳುತ್ತಿದ್ದರಂತೆ. ತನ್ನ ಹತ್ತಿರ ಬಿಕಿನಿಯೇ ಇಲ್ಲ ಎಂದು ಅವರು ಅದನ್ನು ನಗೆಯಲ್ಲೇ ತೇಲಿಸಿದರು. ಸಂಸಾರ, ಮಕ್ಕಳು, ನಡುವೆ ಸಿಕ್ಕ ಹೊತ್ತಿನಲ್ಲಿ ಬರವಣಿಗೆ, ಇದು ಅವರ ಬದುಕು. ಒಳ್ಳೆಯ ಬರಹಗಾರ್ತಿ, ಆದರೆ ಬದುಕಿದ್ದಾಗ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ. 1975ರಲ್ಲಿ ತೀರಿಕೊಂಡ ಮೇಲೆ ಪುಸ್ತಕಗಳು ಮರುಮುದ್ರಣವಾಗಿ ಹೊಸಬರ ಕೈಗೆ ಹೋದವು. ಆ ಹೆಸರು ಅವರಿಗೆ ಭಾರವಾಯಿತು ಎಂದೇ ನನ್ನ ಅನಿಸಿಕೆ. ಆದರೆ ಅವರು ಎಡವಿದರು ಎನ್ನಲಾರೆ. ಲೇಖಕಿಯಾಗಿ ಹೆಸರು ಅಚ್ಚಾದ ಮೇಲೆ ಬದಲಿಸುವುದು ಸುಲಭವಲ್ಲ.

ಸಿನಿಮಾದವರಿಗೆ ಈ ಆಯ್ಕೆಯೇ ಇರುವುದಿಲ್ಲ. ಅಮೆರಿಕದ ನಟರ ಸಂಘದಲ್ಲಿ ಒಂದು ಹೆಸರಿಗೆ ಒಬ್ಬರೇ. ಮೈಕೇಲ್ ಕೀಟನ್ ಅವರ ನಿಜವಾದ ಹೆಸರು ಮೈಕೇಲ್ ಡಗ್ಲಸ್. ಆ ಹೆಸರಿನ ನಟ ಆಗಲೇ ಇದ್ದುದರಿಂದ ಕೀಟನ್ ಆಗಬೇಕಾಯಿತು. ಸ್ಟುವರ್ಟ್ ಗ್ರೇಂಜರ್ ಹುಟ್ಟಿದ್ದು ಜೇಮ್ಸ್ ಸ್ಟುವರ್ಟ್ ಆಗಿ. ಪರದೆಯ ಮೇಲೆ ಹೆಸರು ಬದಲಾದರೂ ಗೆಳೆಯರು ಕೊನೆವರೆಗೂ ಜಿಮ್ಮಿ ಅಂತಲೇ ಕರೆಯುತ್ತಿದ್ದರು. ಹಾಡುಗಾರರಲ್ಲಿ ಡೇವಿಡ್ ಜೋನ್ಸ್ ಎಂಬ ಹುಡುಗ, ಡೇವಿ ಜೋನ್ಸ್ ಎಂಬ ಇನ್ನೊಬ್ಬ ಗಾಯಕ ಮುಂದೆ ಬರುತ್ತಿರುವುದನ್ನು ನೋಡಿ, ಡೇವಿಡ್ ಬೋವಿ ಆದ. ಆಮೇಲೆ ಆ ಹೊಸ ಹೆಸರೇ ಎಲ್ಲಕ್ಕಿಂತ ದೊಡ್ಡದಾಯಿತು.

ಆಟಗಾರರ ದಾರಿ ಇನ್ನೂ ನೇರ. ದಕ್ಷಿಣ ಕೊರಿಯಾದಲ್ಲಿ ಐದರಲ್ಲಿ ಸುಮಾರು ಒಬ್ಬರ ಮನೆತನದ ಹೆಸರು ಕಿಮ್. ಲೀ, ಪಾರ್ಕ್ ಕೂಡ ಬೇಕಾದಷ್ಟು. ಹೀಗಾಗಿ ಅಲ್ಲಿನ ಮಹಿಳಾ ಗಾಲ್ಫ್ ಸಂಸ್ಥೆ ಒಂದೇ ಹೆಸರಿನವರಿಗೆ ನಂಬರ್ ಕೊಡುತ್ತದೆ. ಲೀ ಜಿಯಾಂಗ್ ಉನ್ ಎಂಬ ಹೆಸರಿನ ಆರನೇ ಆಟಗಾರ್ತಿ “ಲೀ6” ಆದರು. ಅದೇ ಹೆಸರಿನಲ್ಲಿ 2019ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದರು. ಅಂಕಿಯನ್ನು ಮುಚ್ಚಿಡಲಿಲ್ಲ, ಗುರುತಾಗಿ ಇಟ್ಟುಕೊಂಡರು.

ಬ್ರೆಜಿಲ್‌ನವರು ನಂಬರ್ ಬದಲು ಗಾತ್ರ ಬಳಸುತ್ತಾರೆ. 1994ರ ವಿಶ್ವಕಪ್ ತಂಡದಲ್ಲಿ ಒಬ್ಬ ಹಿರಿಯ ರೊನಾಲ್ಡೊ ಇದ್ದ. ಅವನು “ದೊಡ್ಡ ರೊನಾಲ್ಡೊ”, ರೊನಾಲ್ಡಾವ್. ಆಗ 17 ವರ್ಷದ ಹುಡುಗನಾಗಿದ್ದ ಇನ್ನೊಬ್ಬ ರೊನಾಲ್ಡೊ “ಚಿಕ್ಕ ರೊನಾಲ್ಡೊ”, ರೊನಾಲ್ಡಿನ್ಯೊ. 1996ರ ಒಲಿಂಪಿಕ್ಸ್‌ನಲ್ಲಿ ಆ ಹುಡುಗನ ಅಂಗಿಯ ಮೇಲೆ ಇದ್ದದ್ದೂ ಅದೇ. ಆಮೇಲೆ ಅವನಿಗಿಂತ ಚಿಕ್ಕವನೊಬ್ಬ ಬಂದ. ರೊನಾಲ್ಡಿನ್ಯೊ ಎಂಬ ಹೆಸರು ಅವನಿಗೆ ಹೋಯಿತು, ಹಳೆಯ ಹುಡುಗ ರೊನಾಲ್ಡೊ ಆಗಿ ಬಡ್ತಿ ಪಡೆದ. 2002ರಲ್ಲಿ ಇಬ್ಬರೂ ಒಟ್ಟಿಗೆ ವಿಶ್ವಕಪ್ ಗೆದ್ದರು. ಪೋರ್ಚುಗಲ್‌ನ ಕ್ರಿಸ್ಟಿಯಾನೊಗೆ ಇವರ ಹೆಸರಿಟ್ಟದ್ದು ಅಂದುಕೊಳ್ಳಬೇಡಿ. ಅವರಪ್ಪನಿಗೆ ಇಷ್ಟವಾಗಿದ್ದ ರೊನಾಲ್ಡ್ ರೇಗನ್‌ರಿಂದ ಬಂದದ್ದು ಅದು.

ಬೇಕೆಂದೇ ಗೊಂದಲ ಮಾಡಿದವರನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬಾಕ್ಸರ್ ಜಾರ್ಜ್ ಫೋರ್‌ಮನ್ ತನ್ನ ಐದೂ ಗಂಡುಮಕ್ಕಳಿಗೆ ಜಾರ್ಜ್ ಎಂದೇ ಹೆಸರಿಟ್ಟರು. ಅಂಥವರ ಮನೆಯ ಕ್ಯಾಟಲಾಗ್ ಮಾಡುವ ಕೆಲಸ ನನಗೆ ಬೇಡಪ್ಪ.

ನಗುತ್ತಿದ್ದೇನೆ, ಆದರೆ ನಾನೂ ಒಮ್ಮೆ ಮುಗ್ಗರಿಸಿದವನೇ. ಕೆಲಸಕ್ಕೆ ಸೇರಿದ ಹೊಸತು. ಸ್ಯಾಮ್ಯುಯೆಲ್ ಬಟ್ಲರ್ ಎಂಬ ಲೇಖಕ ಬರೆದ, ಸ್ಯಾಮ್ಯುಯೆಲ್ ಬಟ್ಲರ್ ಎಂಬವರ ಜೀವನಚರಿತ್ರೆ ನನ್ನ ಮೇಜಿಗೆ ಬಂತು. ಯೋಚಿಸಲೇ ಇಲ್ಲ, “ಆತ್ಮಕಥೆ” ಎಂದು ನಮೂದಿಸಿಬಿಟ್ಟೆ. ಬರೆದವನು 1835ರಲ್ಲಿ ಹುಟ್ಟಿದ ಕಾದಂಬರಿಕಾರ. ವಿಷಯ ಅವನ ಅಜ್ಜ, ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದು ಆಮೇಲೆ ಬಿಷಪ್ ಆದವರು. ಇವರಿಬ್ಬರೂ ಅಲ್ಲದ ಇನ್ನೊಬ್ಬ ಸ್ಯಾಮ್ಯುಯೆಲ್ ಬಟ್ಲರ್ ಇದ್ದಾನೆ, 17ನೇ ಶತಮಾನದ ವಿಡಂಬನೆಯ ಕವಿ. ಅವನ ಪುಸ್ತಕವನ್ನೂ ಅದೇ ಕಪಾಟಿಗೆ ಸೇರಿಸಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ, ಬೈಯಲಿಲ್ಲ. “ಹುಟ್ಟಿದ ವರ್ಷ ಹಾಕದೆ ಯಾವ ಹೆಸರನ್ನೂ ಮುಗಿಸಬೇಡ” ಅಂದರು. ಅವತ್ತಿನಿಂದ ಹಾಕುತ್ತಲೇ ಇದ್ದೇನೆ.

ಹುಟ್ಟಿದ ವರ್ಷ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನಾಗವರ್ಮರೇ ಸಾಕ್ಷಿ. “ಛಂದೋಂಬುಧಿ” ಬರೆದ ನಾಗವರ್ಮ ಒಬ್ಬ, “ಕಾವ್ಯಾವಲೋಕನ” ಬರೆದ ನಾಗವರ್ಮ ಅವನ ನಂತರದವನು. ಬಾಣನ ಸಂಸ್ಕೃತ ಕೃತಿ “ಕಾದಂಬರಿ”ಯ ಕಥೆಯನ್ನು ಕನ್ನಡದಲ್ಲಿ ಹೇಳಿದ ನಾಗವರ್ಮ ಛಂದೋಂಬುಧಿಯವನೇ, ಅಥವಾ ಬೇರೆಯವನೇ? ಇದರ ಮೇಲೆ ವಿದ್ವಾಂಸರು ಪುಟಗಟ್ಟಲೆ ಚರ್ಚೆ ಮಾಡಿದ್ದಾರೆ. ಗಣಿತದಲ್ಲಿ ಇಬ್ಬರು ಭಾಸ್ಕರರಿದ್ದಾರೆ. ಒಬ್ಬ ಏಳನೇ ಶತಮಾನದವನು, ಆರ್ಯಭಟನ ಕೃತಿಗೆ 629ರಲ್ಲಿ ವ್ಯಾಖ್ಯಾನ ಬರೆದವನು. ಇನ್ನೊಬ್ಬ 1114ರಲ್ಲಿ ಹುಟ್ಟಿ “ಲೀಲಾವತಿ” ಬರೆದವನು. ಒಂದನೇ ಭಾಸ್ಕರ, ಎರಡನೇ ಭಾಸ್ಕರ ಎಂಬ ಅಂಕಿ ಅವರು ಇಟ್ಟುಕೊಂಡದ್ದಲ್ಲ. ಓದುವವರ ಅನುಕೂಲಕ್ಕೆ ಆಮೇಲೆ ಬಂದದ್ದು. 1979ರಲ್ಲೂ 1981ರಲ್ಲೂ ಆಕಾಶಕ್ಕೆ ಹೋದ ಭಾರತದ ಉಪಗ್ರಹಗಳಿಗೂ ಭಾಸ್ಕರ 1, ಭಾಸ್ಕರ 2 ಎಂದೇ ಹೆಸರು. ನಾಲ್ಕನ್ನೂ ಒಂದೇ ಸೂಚಿಯಲ್ಲಿ ಇಡಬೇಕಾದವರ ಪಾಡು ನೀವೇ ಊಹಿಸಿ.

ಈಗ ನಿಮ್ಮ ಸಂಕಲನ. ನಿಮ್ಮ ಪ್ರಕರಣದಲ್ಲಿ ಕಾಲ, ಕಸುಬು, ಓದುಗರು, ಮೂರೂ ಕೂಡುತ್ತವೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಬಿಡಿ ಎಂದು ಹೇಳಲಾರೆ. ಆದರೆ ಪೂರ್ತಿ ಹೆಸರು ಬದಲಿಸುವ ಅಗತ್ಯವೂ ಕಾಣುವುದಿಲ್ಲ. ಆಡಮ್ಸ್‌ಗಳ ಮಾತಿಗೆ ಒಂದು ನಿಮಿಷ ವಾಪಸ್ ಹೋಗೋಣ. ಅಮೆರಿಕದಲ್ಲಿ ಜಾನ್ ಆಡಮ್ಸ್ ಹೆಸರಿನ ಇಬ್ಬರು ಸಂಗೀತ ರಚನಕಾರರಿದ್ದಾರೆ. ಒಬ್ಬರು 1947ರವರು, ಇನ್ನೊಬ್ಬರು 1953ರವರು. ಇಬ್ಬರೂ ದೊಡ್ಡ ವಾದ್ಯವೃಂದಗಳಿಗೆ ಬರೆಯುವವರು. ಚಿಕ್ಕವರು ಜಾನ್ ಲೂಥರ್ ಆಡಮ್ಸ್ ಎಂದು ನಡುಹೆಸರು ಇಟ್ಟುಕೊಂಡೇ ಬರೆದರು. ದೊಡ್ಡವರಿಗೆ 2003ರಲ್ಲಿ ಪುಲಿಟ್ಜರ್ ಬಂತು, ಚಿಕ್ಕವರಿಗೆ 2014ರಲ್ಲಿ. ಒಂದು ಪದ ಇಷ್ಟು ಕೆಲಸ ಮಾಡುತ್ತದೆ.

ನಿಮಗೆ ಇನಿಷಿಯಲ್ ಇದೆಯೇ? ಇದ್ದರೆ ಹಾಕಿ. ಆ ಹಿರಿಯ ಲೇಖಕರದೂ ಅದೇ ಇನಿಷಿಯಲ್ ಆದರೆ ಬಿಡಿಸಿ ಪೂರ್ತಿ ಬರೆಯಿರಿ. ಯಾವುದನ್ನೇ ಆರಿಸಿದರೂ ಮೊದಲ ಪುಸ್ತಕದಿಂದಲೇ ಶುರುವಾಗಬೇಕು. ಆಮೇಲೆ ಒಮ್ಮೆ ಹಾಗೆ, ಒಮ್ಮೆ ಹೀಗೆ ಮಾಡಬೇಡಿ. ಒಬ್ಬರೇ ಮೂರು ರೀತಿ ಹೆಸರು ಬರೆದರೆ ನನ್ನಂಥವರು ಅವರನ್ನು ಮೂರು ಜನ ಮಾಡಿ ಇಟ್ಟುಬಿಡುತ್ತೇವೆ. ಇಬ್ಬರನ್ನು ಒಬ್ಬರೆಂದು ಸೇರಿಸುವುದಕ್ಕಿಂತ ಇದು ಜಾಸ್ತಿ ನಡೆಯುವ ತಪ್ಪು. ಸಂಶೋಧನಾ ಲೇಖನವನ್ನೂ ಬರೆಯುವವರಾದರೆ ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಪಡೆದುಕೊಳ್ಳಿ. 2012ರಿಂದ ನಡೆಯುತ್ತಿರುವ ಈ ವ್ಯವಸ್ಥೆ ಹುಟ್ಟಿದ್ದೇ ನಿಮ್ಮಂಥವರ ತೊಂದರೆಯಿಂದ. ಕಥೆ ಮಾತ್ರ ಬರೆಯುವವರಾದರೆ ಅದು ಬೇಕಾಗಿಲ್ಲ.

ಇನ್ನೊಂದು ಕೆಲಸ ಮಾಡಿ. ಆ ಲೇಖಕರಿಗೆ ಒಂದು ಸಣ್ಣ ಕಾಗದ ಬರೆಯಿರಿ. ಅನುಮತಿ ಕೇಳಬೇಕಾಗಿಲ್ಲ, ಹೆಸರು ಯಾರ ಸ್ವತ್ತೂ ಅಲ್ಲ. ಇಂಥ ಹೆಸರಿನಲ್ಲಿ ಪುಸ್ತಕ ತರುತ್ತಿದ್ದೇನೆ, ಗೊಂದಲ ಆಗದಿರಲೆಂದು ಈ ಇನಿಷಿಯಲ್ ಇಟ್ಟುಕೊಂಡಿದ್ದೇನೆ ಎಂದು ತಿಳಿಸಿದರೆ ಸಾಕು. ನಿಮ್ಮ ಪುಸ್ತಕದ ಅಭಿನಂದನೆಗಳು ಅವರಿಗೆ ಹೋದಾಗ ಅವರಿಗೂ ತಲೆಬುಡ ಗೊತ್ತಿರುತ್ತದೆ. ಮತ್ತೆ ಪ್ರಕಾಶಕರಿಗೆ ಹೇಳಿ, ಹಕ್ಕುಗಳ ವಿವರವಿರುವ ಪುಟದಲ್ಲಿ ನಿಮ್ಮ ಹುಟ್ಟಿದ ವರ್ಷ ಹಾಕಿಸಿ. ವಯಸ್ಸು ಹೇಳಲು ಸಂಕೋಚವಿದ್ದರೆ ಬೆನ್ನಪುಟದಲ್ಲಿ ಬೇಡ, ಒಳಗಿನ ಆ ಪುಟದಲ್ಲಿ ಸಾಕು. ಅಲ್ಲಿ ನೋಡುವುದು ನಾವು ಕ್ಯಾಟಲಾಗಿನವರು ಮಾತ್ರ.